ಚಾಪೆಯೊಳಗೆ ನುಗ್ಗಿದ ಫುವಾಟಿನೊ

ಸಮೋವಾದಲ್ಲಿ ಗಂಡೆದೆ ಯಾರದ್ದು ಅಂತ ಕೇಳಿದರೆ ಎಲ್ಲರೂ ರಗ್ಬಿ ಆಡುವ ಹುಡುಗರನ್ನು ತೋರಿಸುತ್ತಾರೆ. ಸುಳ್ಳು. ನಲವತ್ತು ವರ್ಷ ಬಸ್ ಓಡಿಸಿ ಈ ದ್ವೀಪದ ಅಷ್ಟೂ ಮುಖಗಳನ್ನು ಕನ್ನಡಿಯಲ್ಲಿ ನೋಡಿದವನು ನಾನು. ನನ್ನ ಪ್ರಕಾರ ಅಂಥವಳು ಒಬ್ಬಳೇ, ಪಕ್ಕದ ಮನೆಯ ಫುವಾಟಿನೊ. ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ.

ಅವಳ ತಮ್ಮ ಸೆಫೊಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಮರುದಿನ ನಾನೇ ನೋಡಿ ಬಂದೆ. ಬೇಯಿಸಿದ ಟಾರೊ ಗೆಡ್ಡೆ ಮೆಲ್ಲುತ್ತಾ ನನ್ನ ಬೋಳು ತಲೆಯನ್ನು ಗೇಲಿ ಮಾಡಿದ. ಅದಾಗಿ ಮೂರನೇ ದಿನಕ್ಕೆ ಸತ್ತ.

ಯಾಕೆ ಸತ್ತ? ಫುವಾಟಿನೊಗೆ ಬೇಕಿದ್ದದ್ದು ಇಷ್ಟೇ. ಏಳು ವಾರ ನನ್ನ ಬಸ್ಸಿನಲ್ಲೇ ಆಸ್ಪತ್ರೆಗೆ ಅಲೆದಳು. ಒಮ್ಮೆ ನಾನೂ ಜೊತೆಗಿದ್ದೆ. ದೊಡ್ಡ ಡಾಕ್ಟರು ಕಾಗದದಿಂದ ತಲೆ ಎತ್ತದೆ, "ದೇವರ ಇಚ್ಛೆ ಅಮ್ಮಾ" ಅಂದರು.

"ದೇವರನ್ನ ಭಾನುವಾರ ಕೇಳ್ಕೋತೀನಿ ಡಾಕ್ಟ್ರೇ. ಇವತ್ತು ಮಂಗಳವಾರ, ನಿಮ್ಮನ್ನ ಕೇಳ್ತಿದೀನಿ."

ಡಾಕ್ಟರು ಮುಂದಿನವರನ್ನು ಕರೆದರು. ಕೊನೆಗೆ ನಮ್ಮೂರಿಗೇ ಬಂದದ್ದು ಮರೆಟಾ, ಸೆಫೊನ ವಾರ್ಡಿನ ನರ್ಸು. ಒಂದು ದಿನ ಬೆಳಕು ಹರಿಯುವಾಗ ಫುವಾಟಿನೊಳ ಅಂಗಳದಲ್ಲಿ ತಲೆಯ ಮೇಲೆ ನಯವಾದ ಚಾಪೆ ಹೊದ್ದು ಕೂತಿದ್ದಳು. ಹಿಂದೆ ಅವಳ ಮನೆಯವರೆಲ್ಲ ತಲೆ ಬಗ್ಗಿಸಿ ಕೂತಿದ್ದರು. ತಪ್ಪು ಮಾಡಿದವರು ಹಾಗೆ ಬಂದು ಕೂರುವುದು ನಮ್ಮ ಪದ್ಧತಿ, ಇಫೋಂಗಾ. ನೊಂದವರು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಆಮೇಲೆ ಸಾಯುವ ತನಕ ಆ ಮಾತು ತೆಗೆಯುವಂತಿಲ್ಲ. ಚಾಪೆ ಎತ್ತಲು ನಮ್ಮವರಿಗೆ ಎಲ್ಲಿಲ್ಲದ ಆತುರ. ನಾನೂ ಅಂದು "ಎತ್ತೇ ತಾಯಿ" ಅಂದವನೇ. ಒಳಗೆ ಏನು ಮುಚ್ಚಿಹೋಗುತ್ತದೆ ಅಂತ ಯಾರು ಯೋಚಿಸುತ್ತಾರೆ?

ಫುವಾಟಿನೊಳ ಸೋದರಮಾವ ಟುವಾಲಾ, ಊರಿನ ಯಜಮಾನ, ಗದರಿದ. "ಎತ್ತಮ್ಮ, ಬಿಸಿಲೇರ್ತಿದೆ. ಹುಡುಗಿ ಬೆನ್ನು ಸೋತೋಯ್ತು."

"ಎತ್ತಿದ್ರೆ ಆಮೇಲೆ ಕೇಳೋ ಹಾಗಿಲ್ವಲ್ಲ ಮಾವ."

"ಕೇಳಿ ಏನ್ಮಾಡ್ತೀಯ? ಸೆಫೊ ಎದ್ದು ಬರ್ತಾನಾ?"

ಫುವಾಟಿನೊ ಅಂಗಳಕ್ಕೆ ಇಳಿದಳು. ಹೊಡೆಯುತ್ತಾಳೆ ಅಂತ ನಾನು ಓಡಿದೆ. ಅವಳು ಮಂಡಿಯೂರಿ, ಚಾಪೆಯ ಒಂದು ಮೂಲೆ ಸರಿಸಿ, ಅದರೊಳಗೇ ನುಗ್ಗಿದಳು!

ಟುವಾಲಾ ಕೂಗಾಡಿದ. "ಏಯ್! ಒಳಗೆ ಹೋಗೋ ಪದ್ಧತಿ ಇಲ್ಲ ಕಣೇ!"

"ಹೋಗಬಾರ್ದು ಅಂತಾನೂ ಇಲ್ಲ," ಅಂತ ಚಾಪೆಯೊಳಗಿಂದ ಕೇಳಿಸಿತು. "ಸ್ವಲ್ಪ ಜರುಗು ಮಗಳೇ, ನನ್ನ ಕಾಲು ಹೊರಗಿದೆ."

ನಗಬೇಕೋ ಅಳಬೇಕೋ ತಿಳಿಯದೆ ನಿಂತೆವು. ಚಾಪೆ ಎತ್ತಿಲ್ಲ, ಅಂದಮೇಲೆ ಮಾತು ಮುಗಿದಿಲ್ಲ. ಮೊದಲು ಬರೀ ಬಿಕ್ಕಳಿಕೆ. ಆಮೇಲೆ ಮರೆಟಾ ಬಾಯಿಬಿಟ್ಟಳು. "ಬೆಡ್ ಬದ್ಲಾಯಿಸಿದಾಗ ಸೆಫೊ ಅವ್ರ ಔಷಧಿ ಬರ್ದ ಹಾಳೆ ಹಳೇ ಬೆಡ್ಡಲ್ಲೇ ಉಳೀತು ಅಮ್ಮಾ. ಎರಡು ದಿನ ಇಂಜೆಕ್ಷನ್ ಕೊಡ್ಲೇ ಇಲ್ಲ. ಜ್ವರ ಏರ್ತಿತ್ತು. ನಂಗೆ ಗೊತ್ತಾದಾಗ ತಡ ಆಗಿತ್ತು. ಮೇಲಿನವ್ರಿಗೆ ಹೇಳ್ದೆ, ಸುಮ್ನಿರು ಅಂದ್ರು."

"ದೊಡ್ಡ ಡಾಕ್ಟ್ರ ಮುಂದೆ ಇದನ್ನೇ ಹೇಳ್ತೀಯಾ?"

"ಕೆಲ್ಸ ಹೋಗುತ್ತೆ."

"ಹೋಗೋಕೆ ಬಿಟ್ರೆ ತಾನೇ? ಪಕ್ಕದಲ್ಲೇ ಕೂತಿರ್ತೀನಿ."

ಆಗ ಫುವಾಟಿನೊ ತಾನೇ ಚಾಪೆ ಕಿತ್ತೆಸೆದು ಆ ಹುಡುಗಿಯನ್ನು ತಬ್ಬಿಕೊಂಡಳು.

"ಎತ್ತಿದ್ಯಲ್ಲ, ಇಲ್ಲಿಗೆ ಮುಗೀತು," ಅಂದ ಟುವಾಲಾ.

"ಇವಳದು ಮುಗೀತು ಮಾವ. ಆಸ್ಪತ್ರೆ ಎಲ್ಲಿ ಬಂದು ಕೂತಿತ್ತು ಚಾಪೆ ಕೆಳಗೆ?"

ಟುವಾಲಾ ಗಡ್ಡ ಕೆರೆದುಕೊಂಡ. ಆಮೇಲೆ ಅವನೇ ನನ್ನತ್ತ ತಿರುಗಿ, "ಬಸ್ ತೆಗಿಯಪ್ಪ, ಏನ್ ನೋಡ್ತಾ ನಿಂತೆ?" ಅಂದ. ಮರೆಟಾಳ ಕಡೆಯವರನ್ನೂ ಹತ್ತಿಸಿಕೊಂಡೆ.

ದೊಡ್ಡ ಡಾಕ್ಟರ ಕೋಣೆಯಲ್ಲಿ ಹದಿನಾಲ್ಕು ಜನ ತುಂಬಿಕೊಂಡೆವು. ಮರೆಟಾ ಎಲ್ಲ ಹೇಳಿದಳು. ಫುವಾಟಿನೊ ಅವಳ ಕೈ ಬಿಡಲಿಲ್ಲ. ಡಾಕ್ಟರು ಹಳೇ ಹಾಳೆ ತರಿಸಿದರು, ಓದಿದರು, ಕನ್ನಡಕ ತೆಗೆದರು. ಕೊನೆಗೆ ಎದ್ದು ನಿಂತು, "ಹೌದಮ್ಮಾ, ನಿಮ್ ತಮ್ಮನ್ನ ನಾವು ಉಳಿಸ್ಕೋಬಹುದಿತ್ತು. ತಪ್ಪು ನಮ್ದೇ," ಅಂದರು.

"ಇವಳನ್ನ ಕೆಲ್ಸದಿಂದ ತೆಗೀತೀರಾ?"

"ಇಲ್ಲ."

"ಬರ್ದುಕೊಡಿ. ಎರಡೂ ಮಾತು."

ಬರೆದುಕೊಟ್ಟರು. ಮಣ್ಣು ಮಾಡಿದ ದಿನವೂ ಕಣ್ಣೀರು ಹಾಕದಿದ್ದ ಫುವಾಟಿನೊ ಆ ಕಾಗದ ಓದಿ ಮುಗಿಸಿ, ಅಲ್ಲೇ ಕುರ್ಚಿಯಲ್ಲಿ ಕೂತು ಗೊಳೋ ಎಂದು ಅತ್ತಳು. ಡಾಕ್ಟರು ನೀರು ತಂದುಕೊಟ್ಟರು. ಅವಳಿಗೆ ಅಳು ಸಾಕಾಗುವ ತನಕ ನಾವ್ಯಾರೂ ಏಳಲಿಲ್ಲ.