ಹಿಂಬದಿಯ ಎಡಬಾಗಿಲು

ಕಡಲಿಗೆ ಬಿದ್ದ ವಿಮಾನದ್ದು ಎಂದು ಎರಡೇ ಎರಡು ತುಂಡು ಸಿಕ್ಕಿದ್ದವು. ಒಂದು, ಹಿಂಬದಿಯ ಎಡಬಾಗಿಲು. ಇನ್ನೊಂದು, ಅದರ ಪಕ್ಕದ ಗೋಡೆಯ ಚೂರು. ಚಿಪ್ಪು ಹೆಕ್ಕಲು ಹೋದವರು ಮರಳಲ್ಲಿ ಅವನ್ನು ಕಂಡು ಪೊಲೀಸರಿಗೆ ತಿಳಿಸಿದ್ದರು. ಲಾರಿಯಲ್ಲಿ ತಂದು ಬಂದರಿನ ಹಳೆಯ ಗೋದಾಮಿನಲ್ಲಿ ಇಳಿಸಿದ ಮೇಲೆ ತನಿಖೆಯ ಎಂಜಿನಿಯರಿಗೆ ಹೇಳಿಕಳಿಸಿದರು.

ಇಲಾಖೆಯಲ್ಲಿ ಅವರಿಗೆ ಗುಜರಿ ಮೇಷ್ಟ್ರು ಅಂತಲೇ ಹೆಸರು. ಮುರಿದದ್ದು ಯಾಕೆ ಮುರಿಯಿತು, ಹೇಗೆ ಮುರಿಯಿತು ಎಂದು ಹೇಳುವುದೇ ಅವರ ಕಸುಬು. ಮನೆಯ ನಲ್ಲಿ ಸೋರಿದರೆ ಮಾತ್ರ ಪ್ಲಂಬರೇ ಬರಬೇಕು. ಇವರಿಗೆ ಮುರಿದದ್ದರ ಜಾತಕ ಓದೋಕೆ ಬರುತ್ತೆ, ರಿಪೇರಿ ಬರಲ್ಲ ಎಂದು ಹೆಂಡತಿ ನೆಂಟರ ಮುಂದೆ ಕಾಲೆಳೆಯುತ್ತಿದ್ದರು.

ಬಾಗಿಲು ಮುಚ್ಚಿದಾಗ ಅದರ ಹಿಡಿಕೆ ಕೆಳಗಿರಬೇಕು. ಇದರದು ಮೇಲಕ್ಕೆದ್ದಿತ್ತು. ಅದರ ಫೋಟೋ ಪತ್ರಿಕೆಯಲ್ಲಿ ಬಂದದ್ದೇ ತಡ, ವಿಮಾನದಲ್ಲಿದ್ದವರ ಮನೆಯವರೆಲ್ಲ ಗೋದಾಮಿನ ಗೇಟಿಗೆ ಬಂದು ಕೂತರು. ಹಿಡಿಕೆ ಮೇಲಿದೆ ಎಂದರೆ ಯಾರೋ ಬಾಗಿಲು ತೆರೆದಿದ್ದಾರೆ. ತೆರೆದಿದ್ದಾರೆ ಎಂದರೆ ವಿಮಾನ ಒಂದಿಷ್ಟು ಹೊತ್ತಾದರೂ ನೀರಿನ ಮೇಲೆ ತೇಲಿದೆ. ತೇಲಿದ್ದರೆ, ರಬ್ಬರ್ ತೆಪ್ಪಕ್ಕೆ ಇಳಿದವರು ಎಲ್ಲೋ ಉಸಿರಾಡುತ್ತಿರಬೇಕು. ಹುಡುಕುತ್ತಿದ್ದ ಹಡಗನ್ನು ವಾಪಸು ಕರೆಸಬೇಕೋ ಬೇಡವೋ ಎಂಬುದನ್ನು ಸರ್ಕಾರವೂ ಈ ಹಿಡಿಕೆಯ ಮೇಲೇ ಬಿಟ್ಟಿತ್ತು.

ಗೇಟಿನಲ್ಲಿ ಕೂತವರಲ್ಲಿ ಒಬ್ಬಳು ಈಜುಕೊಳದ ಟೀಚರು. ಅವಳ ತಂಗಿ ಆ ವಿಮಾನದ ಗಗನಸಖಿ. ಹಿಂಬದಿಯ ಎಡಬಾಗಿಲು ತಂಗಿಯದೇ ಜವಾಬ್ದಾರಿ. ಅಪ್ಪ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಮನೆಯಲ್ಲಿ ತಂಗಿಯನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಮೇಷ್ಟ್ರು ಒಳಗೆ ಹೋಗುವಾಗ, ಹೊರಗೆ ಬರುವಾಗ ಅಕ್ಕ ಅದನ್ನೇ ಹೇಳುತ್ತಿದ್ದಳು: ಗುಬ್ಬಿ ಗಾಬರಿಯಾಗುವ ಜೀವವಲ್ಲ, ಮೊದಲು ಎಲ್ಲರನ್ನೂ ಇಳಿಸಿ ಆಮೇಲೆ ತಾನು ಇಳಿದಿರುತ್ತಾಳೆ, ನೀರೆಂದರೆ ಅವಳಿಗೆ ನೆಲವಿದ್ದ ಹಾಗೆ.

ಅದು ನಿಜವಾಗಲಿ ಎಂದು ಮೇಷ್ಟ್ರಿಗೂ ಆಸೆಯಿತ್ತು. ಆದರೆ ಮೊದಲ ದಿನವೇ ಹಿಡಿಕೆಯ ಅಡಿಯಲ್ಲಿ ನೀಲಿ ಬಣ್ಣದ ಒಂದು ಗೀರು ಕಣ್ಣಿಗೆ ಬಿತ್ತು. ವಿಮಾನದೊಳಗೆ ಊಟ ಹಂಚುವ ತಳ್ಳುಗಾಡಿಗಳ ಬಣ್ಣ ಅದು. ಬಾಗಿಲಿನ ಅಂಚಿನ ಉಕ್ಕಿನ ಕೊಂಡಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು, ಅವುಗಳ ಸಂದಿಯಲ್ಲಿ ಚೌಕಟ್ಟಿನ ತಗಡು ಹರಿದು ಕಚ್ಚಿಕೊಂಡಿತ್ತು. ತೆರೆದ ಬಾಗಿಲಿನ ಕೊಂಡಿ ಹಾಗೆ ಬಾಗಲು ಸಾಧ್ಯವಿರಲಿಲ್ಲ. ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದರು. ಬಣ್ಣ ಬೇರೆ ಯಾವುದರದಾದರೂ ಇರಬಹುದೆಂದು ಪ್ರಯೋಗಾಲಯಕ್ಕೆ ಕಳಿಸಿದರು. ತಮ್ಮ ತೀರ್ಮಾನ ತಪ್ಪಾಗಲಿ ಎಂದು ಅವರು ಹಾರೈಸಿದ್ದು ಸರ್ವಿಸಿನಲ್ಲಿ ಅದೇ ಮೊದಲು. ಪ್ರಯೋಗಾಲಯದ ಉತ್ತರ ಬಂತು: ತಳ್ಳುಗಾಡಿಯದೇ.

ಅಷ್ಟರಲ್ಲಿ ಮೇಲಿನವರು ಫೋನ್ ಮಾಡಿ, ಇವತ್ತು ಹೌದೋ ಅಲ್ಲವೋ ಎರಡರಲ್ಲೊಂದು ಹೇಳಿಬಿಡಿ ಎಂದು ಗದರಿದರು. ಮೇಷ್ಟ್ರು ಹೇಳುವ ಮೊದಲು ಗೇಟಿಗೆ ಹೋಗಿ ಅಕ್ಕನನ್ನು ಒಳಗೆ ಕರೆದರು. ಅದು ನಿಯಮಕ್ಕೆ ವಿರುದ್ಧ. ಆದರೂ, ಅವಳಿಗೆ ಪತ್ರಿಕೆಯಿಂದ ತಿಳಿಯುವುದು ಬೇಡ ಎನಿಸಿತ್ತು.

ಅವಳು ಬಾಗಿಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಿಡಿಕೆ ಮುಟ್ಟಿದಳು. ಮೇಷ್ಟ್ರು ನೀಲಿ ಗೀರು ತೋರಿಸಿದರು, ಕೊಂಡಿಗಳನ್ನು ತೋರಿಸಿದರು. ವಿಮಾನ ನೀರಿಗೆ ಬಡಿದಾಗ ಬಾಗಿಲು ಮುಚ್ಚಿಯೇ ಇತ್ತು, ತಳ್ಳುಗಾಡಿ ಕಿತ್ತು ಬಂದು ಕೆಳಗಿನಿಂದ ಹಿಡಿಕೆಗೆ ಹೊಡೆದು ಎತ್ತಿದೆ, ಯಾರ ಕೈಯೂ ಅಲ್ಲ, ಆ ಬಡಿತಕ್ಕೇ ವಿಮಾನ ಚೂರಾಗಿದೆ ಎಂದು ಬಿಡಿಸಿ ಹೇಳಿದರು.

ಅವಳು ಎಲ್ಲ ಕೇಳಿಸಿಕೊಂಡು, "ಅನುಮಾನ ಇದೆ ಅಂತ ಬರೀರಿ ಸಾರ್. ಒಂದೇ ಸಾಲು. ಹಡಗು ಇನ್ನೊಂದು ವಾರ ತಿರುಗುತ್ತೆ," ಎಂದಳು.

ಬರೆಯಬಹುದಿತ್ತು. ಅವರ ಮಾತಿಗೆ ಎದುರಾಡುವವರು ಇಲಾಖೆಯಲ್ಲಿ ಯಾರೂ ಇರಲಿಲ್ಲ. ಆಗಲಿ ಎಂಬ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವಳು ಎದ್ದು ಅತ್ತಿತ್ತ ಓಡಾಡತೊಡಗಿದಳು. ಮೂಲೆಯ ಟಾರ್ಪಾಲು ಕಂಡು, ಬೇಡಮ್ಮ ಎಂದು ಅವರು ಹೇಳುವಷ್ಟರಲ್ಲಿ ಸರಿಸಿಬಿಟ್ಟಳು.

ಅದರಡಿ ಗೋಡೆಯ ಚೂರಿತ್ತು. ಗಗನಸಖಿ ಕೂರುವ ಮಡಚುವ ಸೀಟು ಅದಕ್ಕೇ ಅಂಟಿಕೊಂಡಿತ್ತು. ಸೀಟಿನ ಬೆಲ್ಟು ಒಂದು ಬದಿಯಲ್ಲಿ ಬುಡದ ಹೊಲಿಗೆ ಕಿತ್ತು ಹರಿದು ಬಂದಿತ್ತು. ಬಕಲ್ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು.

"ಇದು ಅವಳ ಸೀಟಾ?"

"ಹೌದಮ್ಮ."

"ಖಾಲಿ ಸೀಟಿನ ಬೆಲ್ಟು ಹೀಗೆ ಹರಿಯುತ್ತಾ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಅವಳು ಬಕಲನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತಳು.

"ಇವಳು ಎದ್ದೇ ಇಲ್ಲ. ಸರಿ. ಬೇರೆಯವರು ಯಾರಾದ್ರೂ ತೆರೆದಿರಬಹುದಲ್ಲ ಸಾರ್? ಹೊರಗೆ ಕೂತಿದ್ದಾರಲ್ಲ, ಅವರಿಗೋಸ್ಕರನಾದ್ರೂ ಬರೀರಿ."

"ಯಾರೂ ತೆರೆದಿಲ್ಲಮ್ಮ. ತೆರೆಯೋಕೆ ಹೊತ್ತೇ ಸಿಕ್ಕಿಲ್ಲ."

ಅವಳು ಬಕಲನ್ನು ಕೈಬಿಟ್ಟಳು. ಸಿಮೆಂಟಿನ ನೆಲದ ಮೇಲೆ ಕೂತವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಗೇಟಿನಲ್ಲಿದ್ದವರಿಗೆ ಕೇಳಿಸಬಾರದೆಂದು.

ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ಹಡಗು ಹಿಂದಿರುಗಿತು. ಸುದ್ದಿ ಬಂದ ದಿನ ಗೇಟಿನಲ್ಲಿ ಒಬ್ಬ ತಂದೆ ಅವರ ಕಾರಿನ ಮೇಲೆ ಚಪ್ಪಲಿ ಎಸೆದ. ಇನ್ನೊಬ್ಬಳು ಬಾನೆಟ್ಟಿಗೆ ತಲೆಯಿಟ್ಟು, ನಿಮಗೆ ಮಕ್ಕಳಿಲ್ಲವಾ ಎಂದು ಕೇಳುತ್ತಲೇ ಇದ್ದಳು. ಅವರಿಬ್ಬರನ್ನೂ ಬಿಡಿಸಿ ಕಾರಿಗೆ ದಾರಿ ಮಾಡಿದವಳು ಅಕ್ಕ. ಆಮೇಲೆ ಕಿಟಕಿಯ ಬಳಿ ಬಗ್ಗಿ, ಅಮ್ಮನಿಗೆ ಹೇಳಲು ತನ್ನಿಂದ ಆಗುತ್ತಿಲ್ಲ, ಮನೆಗೆ ಬರುತ್ತೀರಾ ಎಂದು ಕೇಳಿದಳು.

ಮನೆ ಮೂರನೇ ಮಹಡಿಯಲ್ಲಿತ್ತು. ತಾಯಿ ಹಾಲಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನು ಮೆಲುದನಿಯಲ್ಲಿ ಹೇಳಿದರು: ಸಿಕ್ಕ ಭಾಗಗಳನ್ನು ನೋಡಿದರೆ, ಬದುಕುಳಿದಿರುವ ಸಾಧ್ಯತೆ ತೀರಾ ಕಡಿಮೆ.

ತಾಯಿ ಕಿವಿಗೆ ಕೈ ಅಡ್ಡ ಹಿಡಿದರು. "ಸ್ವಲ್ಪ ಜೋರಾಗಿ ಹೇಳಪ್ಪಾ. ಕಿವಿ ಮಂದ."

ಅವರು ದನಿ ಏರಿಸಿದರು. ತಾಯಿ ಕೇಳಿಸಲಿಲ್ಲವೆಂದು ತಲೆಯಾಡಿಸಿದರು. ಇನ್ನೂ ಏರಿಸಿದರು. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ಸಾಧ್ಯತೆ, ಭಾಗಗಳು ಎಂಬ ಮಾತುಗಳನ್ನು ಕೂಗಿ ಹೇಳಲು ಬರುವುದಿಲ್ಲ ಎಂದು ಅವರಿಗೆ ಗೊತ್ತಾದದ್ದು ಆಗಲೇ.

"ಗುಬ್ಬಿ ಇಲ್ಲಮ್ಮಾ," ಎಂದು ಗಂಟಲು ಬಿರಿಯುವಂತೆ ಹೇಳಿದರು. "ಬದುಕಿಲ್ಲ. ಯಾರೂ ಬದುಕಿಲ್ಲ."

ತಾಯಿ ಅವರ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ದೊಡ್ಡ ಮಗಳ ಕಡೆ ತಿರುಗಿ, "ಇವರೇನೋ ಹೇಳ್ತಿದಾರೆ, ನನಗೆ ಕೇಳಿಸ್ತಾ ಇಲ್ಲ. ನೀನು ಹೇಳು," ಎಂದರು.

ಅಕ್ಕ ಮಂಡಿಯೂರಿ ಅಮ್ಮನ ಕಿವಿಗೆ ಬಾಯಿ ತಾಗಿಸಿ ಏನೋ ಹೇಳಿದಳು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ತಾಯಿ ಮಗಳ ಮುಖವನ್ನು ಎರಡೂ ಕೈಯಿಂದ ದೂರ ತಳ್ಳಿದರು. ಆಮೇಲೆ ಅದೇ ಕೈಗಳಿಂದ ಅವಳನ್ನು ಎಳೆದು ಎದೆಗವಚಿಕೊಂಡರು.

ಪಕ್ಕದ ಮನೆಯಾಕೆ ಒಳಗೆ ಬಂದು ಅವರಿಬ್ಬರ ಪಕ್ಕ ನೆಲದ ಮೇಲೆ ಕೂತರು. ಮೇಷ್ಟ್ರು ಎದ್ದು, ಸದ್ದಾಗದಂತೆ ಕುರ್ಚಿಯನ್ನು ಗೋಡೆಗೆ ಸರಿಸಿ, ಮೆಟ್ಟಿಲಿಳಿದು ಹೋದರು.