ಆಷಾಢದಲ್ಲಿ ನೋಡಿದ ಗಾಡಿ

ಆಷಾಢದಲ್ಲಿ ಗಾಡಿ ಮಾರುವ ಷೋರೂಮಿಗೆ ನೊಣವೂ ಹೋಗುವುದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕಳಿಸಿ, ಗೃಹಪ್ರವೇಶವನ್ನು ಮುಂದಕ್ಕೆ ಹಾಕಿ, ಊರಿಗೆ ಊರೇ ಶ್ರಾವಣದ ದಾರಿ ಕಾಯುವ ತಿಂಗಳು ಅದು. ಎರಡು ಸಾವಿರದ ಒಂಬತ್ತನೇ ಇಸವಿಯ ಅಂಥದೊಂದು ಆಷಾಢದ ಬೆಳಿಗ್ಗೆ ಅರಕಲಗೂಡು ಕಡೆಯ ರುದ್ರೇಶ ತನ್ನ ತಾಯಿಯನ್ನು ಕೈಹಿಡಿದು ಬಸ್ಸಿನಿಂದ ಇಳಿಸಿ, ಹಾಸನದ ಬಿ.ಎಂ. ರಸ್ತೆಯ ಷೋರೂಮಿನ ಗಾಜಿನ ಬಾಗಿಲು ತಳ್ಳಿದಾಗ ಒಳಗಿದ್ದ ಸೇಲ್ಸ್‌ಮನ್ ಎದ್ದು ನಿಂತು, "ಯಾರ ಅಡ್ರೆಸ್ ಬೇಕಿತ್ತು ಸಾರ್?" ಎಂದು ಕೇಳಿದ.

"ಅಡ್ರೆಸ್ಸಲ್ಲ ಕಣಪ್ಪ. ನಾಕು ಚಕ್ರಕ್ಕೂ ಎಳ್ತ ಇರೋ ಗಾಡಿ, ಹೊಸ ಮಾಡ್ಲು ಬಂದೈತಂತಲ್ಲ. ಅದ್ನ ನೋಡ್ಬೇಕಿತ್ತು."

ಸೇಲ್ಸ್‌ಮನ್‌ಗೆ ಖುಷಿಯಾಯಿತು. ಅವನ ಹೆಸರು ವಂಶಿ, ಹೊಳೆನರಸೀಪುರದವನು, ಮೂವತ್ತರ ಆಸುಪಾಸು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತಷ್ಟೆ. ಹೋದ ವರ್ಷವೂ ರುದ್ರೇಶ ಇಲ್ಲಿಗೆ ಬಂದಿದ್ದ, ಇದೇ ಗಾಡಿಯ ಹಳೆಯ ಮಾದರಿಯನ್ನು ಬುಕ್ ಮಾಡಿ ಆಮೇಲೆ ಬೇಡವೆಂದಿದ್ದ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ರುದ್ರೇಶ ಹೊಗೆಸೊಪ್ಪು, ಶುಂಠಿ ಬೆಳೆಯುವವನು. ಮನೆ ಇರುವುದು ಅರಕಲಗೂಡಿನಿಂದ ಹನ್ನೊಂದು ಕಿಲೋಮೀಟರ್ ಆಚೆ, ಟಾರು ರಸ್ತೆ ಬಿಟ್ಟು ಒಳಕ್ಕೆ. ಆ ಒಳದಾರಿಯಲ್ಲಿ ನಾಲೆಯ ನೀರು ಜಿನುಗಿ ಒಂದು ಫರ್ಲಾಂಗಿನಷ್ಟು ಜಾಗ ಮಳೆಗಾಲ ಮುಗಿಯುವ ತನಕ ಕೆಸರು. ಎಷ್ಟು ಜಲ್ಲಿ ಸುರಿದರೂ ನುಂಗಿ ಸುಮ್ಮನಾಗುವ ಎರೆಮಣ್ಣು. ಬೇರೆ ದಾರಿಯಿಲ್ಲ. ಅದಕ್ಕೆಂದೇ ಹೋದ ವರ್ಷ ಅವನು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿಯನ್ನು ಆರಿಸಿದ್ದ. ಆದರೆ ಗಾಡಿ ಷೋರೂಮಿಗೆ ಬಂದು ನಿಂತದ್ದು ಆಷಾಢ ಹುಟ್ಟಿದ ಮಾರನೆಯ ದಿನ.

"ಶ್ರಾವಣ ಬರ್ಲಿ ಕಣ್ಲಾ. ಆಸಾಡ್ದಾಗೆ ಯಾವನಾದ್ರೂ ಗಾಡಿ ಮನೆಗೆ ತತ್ತಾನಾ?" ಎಂದಿದ್ದಳು ತಾಯಿ ದಾಕ್ಷಾಯಣಮ್ಮ. ರುದ್ರೇಶ ತಲೆಯಾಡಿಸಿದ. ಹೆಂಡತಿ ಅನಸೂಯಳೂ ತಲೆಯಾಡಿಸಿದಳು. ಅದರಲ್ಲಿ ಜಗಳವಾಗುವಂಥದ್ದು ಏನೂ ಇರಲಿಲ್ಲ. ಷೋರೂಮಿನವರೂ ಇದು ಮಾಮೂಲಿ ಎಂಬಂತೆ ಗಾಡಿಗೆ ಹೊದಿಕೆ ಹೊದಿಸಿ ಹಿಂದಿನ ಷೆಡ್ಡಿನಲ್ಲಿ ನಿಲ್ಲಿಸಿದರು.

ಗಾಡಿ ಬಂದ ಹದಿನಾಲ್ಕನೆಯ ದಿನ ಸಂಜೆ ಅನಸೂಯಳಿಗೆ ಎದೆನೋವು ಬಂತು. ಹಳೇ ಓಮ್ನಿಯಲ್ಲಿ ಮಲಗಿಸಿಕೊಂಡು ಹೊರಟರೆ ಅದೇ ಕೆಸರಿನಲ್ಲಿ ಚಕ್ರ ಹೂತುಹೋದವು. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಅರಕಲಗೂಡಿನ ಡಾಕ್ಟರು ನಾಡಿ ನೋಡಿ, "ಅರ್ಧ ಗಂಟೆ ಮುಂಚೆ ಬಂದಿದ್ರೆ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಅವರು ನಿಲ್ಲಿಸಿದ ಮಾತನ್ನು ಅನಸೂಯ ತೀರಿಕೊಂಡ ಮೇಲಿನ ಶಿವಗಣಾರಾಧನೆಗೆ ಬಂದ ನೆಂಟರು ಪೂರ್ತಿ ಮಾಡಿದರು. ಗಾಡಿ ಷೆಡ್ಡಲ್ಲಿ ರೆಡಿಯಾಗಿ ನಿಂತಿತ್ತಂತೆ, ಮುದುಕಿ ಬೇಡ ಅಂದಳಂತೆ. ಎಲ್ಲರಿಗಿಂತ ಜೋರಾಗಿ ಹೇಳಿದವನು ರುದ್ರೇಶನ ಅಕ್ಕನ ಗಂಡ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಗೌರೀಶಂಕರ. ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಹೇಳಿದ. ಆ ಮನುಷ್ಯನೂ ಎಲ್ಲರಂತೆ ಆಷಾಢದಲ್ಲಿ ಹೊಸದೇನನ್ನೂ ಮನೆಗೆ ತರುವವನಲ್ಲ. ಆದರೆ ಸತ್ತದ್ದು ಅವನ ಹೆಂಡತಿಯಲ್ಲವಲ್ಲ.

ಅವತ್ತಿನಿಂದ ದಾಕ್ಷಾಯಣಮ್ಮ ಒಪ್ಪತ್ತು ಉಣ್ಣತೊಡಗಿದಳು. ಗೋಡೆಗೆ ನೇತುಹಾಕಿದ್ದ ಪಂಚಾಂಗವನ್ನು ಹಂಡೆ ಒಲೆಗೆ ಹಾಕಿದಳು. ಮಗನಿಗೆ ಎದುರಾಗದ ಹಾಗೆ ಜಗಲಿಯ ಮೂಲೆಯಲ್ಲಿ ಹಾಸಿಗೆ ಮಾಡಿಕೊಂಡಳು. ರುದ್ರೇಶ ತಾಯಿಯನ್ನು ಒಂದು ಮಾತು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಊರಿನವರು ಅದನ್ನು ತಾಳ್ಮೆ ಅಂದುಕೊಂಡರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಬೈದಿದ್ದರೆ ಮುದುಕಿ ತಿರುಗಿ ಬೈದು ಹಗುರಾಗುತ್ತಿದ್ದಳು.

ನಿಜ ಹೇಳಬೇಕೆಂದರೆ ಅವನಿಗೆ ಬೈಯುವುದಕ್ಕೂ ಏನೂ ಬರುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮರಗಟ್ಟಿಹೋಗಿದ್ದ. ಸೊಪ್ಪು ಮುರಿಸಿದ, ಅದನ್ನು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿಸಿದ, ಹರಾಜಿಗೆ ಹೋಗಿ ಬಂದ. ಅಳು ಬರಲಿಲ್ಲ. ಹೊಸ ಮಾದರಿಯ ಗಾಡಿ ಬಂದಿದೆ ಎಂದು ಪೇಪರಿನಲ್ಲಿ ನೋಡಿದ ದಿನ ಮಾತ್ರ ಒಂದು ಯೋಚನೆ ಬಂತು. ಅದನ್ನು ತಂದು ಆ ಕೆಸರಿನಲ್ಲಿ ಓಡಿಸಿ ನೋಡಬೇಕು. ದಾಟದೆ ಹೋದರೆ ಅವಳ ಆಯುಸ್ಸೇ ಅಷ್ಟು ಎಂದು ಬಿಡಬಹುದು. ದಾಟಿದರೆ ಅವ್ವನ ಮೇಲೆ ಸಿಟ್ಟಾದರೂ ಬರುತ್ತದೆ. ಏನಾದರೊಂದು ಬಂದರೆ ಸಾಕಾಗಿತ್ತು ಅವನಿಗೆ.

ಹಾಸನಕ್ಕೆ ಹೊರಡುವಾಗ ದಾಕ್ಷಾಯಣಮ್ಮ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬತ್ತೀನಿ. ನಂಗೂ ಗೊತ್ತಾಗ್ಬೇಕು" ಎಂದಳು. ಒಂದು ವಾರದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು.

ವಂಶಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಮಾಡಿಸಿದ. ಹಳೇದು ಟ್ರಂಕಿನ ಹಾಗೆ ಚೌಕವಾಗಿತ್ತು, ಹೊಸದರ ಮೂಲೆಗಳನ್ನು ಸವರಿದ್ದರು. ದೀಪ ದೊಡ್ಡದಾಗಿತ್ತು. ಡ್ಯಾಶ್‌ಬೋರ್ಡಿನ ನಡುವೆ ಇದ್ದ ಮೀಟರನ್ನು ಸ್ಟಿಯರಿಂಗಿನ ಹಿಂದಕ್ಕೆ ತಂದಿದ್ದರು. ಡಿಕ್ಕಿಯ ಕೆಳಗೆ ಎಳೆಯುವ ಡ್ರಾಯರು ಬೇರೆ ಇತ್ತು. "ಫ್ಯಾಮಿಲಿಗೆ ಹೇಳಿ ಮಾಡ್ಸಿದ ಎಸ್‌ಯುವಿ ಸಾರ್. ನೋಡೋಕೆ ಪುಟ್ಟದು, ಆದ್ರೆ ಕಾಡಿಗೂ ಹೋಗತ್ತೆ, ಮದುವೆಮನೆಗೂ ಹೋಗತ್ತೆ."

ರುದ್ರೇಶ ಡ್ರಾಯರು ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು ಸೀಟಿನ ಉದ್ದವನ್ನು ಗೇಣಿನಲ್ಲಿ ಅಳೆದ.

"ಇದ್ರಾಗೆ ಒಬ್ರು ಮನೀಕಬೌದಾ?"

"ಮಲಗೋದಾ? ಸ್ವಲ್ಪ ಕಾಲು ಮಡಚ್ಕೊಂಡ್ರೆ ಆರಾಮಾಗಿ ಮಲಗ್ಬಹುದು ಸಾರ್. ಯಾಕೆ, ದೂರದ ಪ್ರಯಾಣ ಜಾಸ್ತಿನಾ?"

"ಇಲ್ಲ. ಅರಕಲಗೂಡ್ ಗಂಟ ಅಷ್ಟೇಯ" ಎಂದ ರುದ್ರೇಶ. ವಂಶಿ ನಕ್ಕ. ಕುರ್ಚಿಯಲ್ಲಿ ಕೂತಿದ್ದ ಮುದುಕಿ ನಗದೆ ನೆಲ ನೋಡಿದ್ದನ್ನು ಕಂಡು ನಗು ನಿಲ್ಲಿಸಿದ.

ಟೆಸ್ಟ್ ಡ್ರೈವ್ ಅಂದರೆ ಡೈರಿ ಸರ್ಕಲ್ ತನಕ ಹೋಗಿ ಬರುವುದು ಪದ್ಧತಿ. ರುದ್ರೇಶ ತನ್ನ ಊರಿನ ತನಕ ಬೇಕು, ಅಲ್ಲಿನ ದಾರಿಯಲ್ಲೇ ನೋಡಬೇಕು ಎಂದ. ಬೇರೆ ತಿಂಗಳಾಗಿದ್ದರೆ ಮ್ಯಾನೇಜರು ಒಪ್ಪುತ್ತಿರಲಿಲ್ಲ. ಆಷಾಢವಾದ್ದರಿಂದ ಗಾಡಿಗೂ ಕೆಲಸವಿರಲಿಲ್ಲ, ವಂಶಿಗೂ ಇರಲಿಲ್ಲ. ಮೂವರೂ ಹೊರಟರು.

ಅರಕಲಗೂಡಿನ ತನಕ ವಂಶಿಯೇ ಓಡಿಸಿದ. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ಇಳಿದಾಗ ದಾಕ್ಷಾಯಣಮ್ಮ ತನಗೆ ಬೇಡವೆಂದು ಗಾಡಿಯಲ್ಲೇ ಉಳಿದಳು. ಗ್ಲಾಸು ಕೈಯಲ್ಲಿ ಹಿಡಿದು ರುದ್ರೇಶ, ಬೇರೆ ಯಾರದೋ ಮನೆಯ ಸಂಗತಿಯೆಂಬಂತೆ, ಅನಸೂಯ ಸತ್ತದ್ದನ್ನೂ ಷೆಡ್ಡಿನಲ್ಲಿ ನಿಂತ ಗಾಡಿಯನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ವಂಶಿ ಟೀ ಪೂರ್ತಿ ಕುಡಿಯಲಿಲ್ಲ.

"ಸಾರ್, ಅಜ್ಜೀನ ಯಾಕೆ ಕರ್ಕೊಂಡು ಬಂದ್ರಿ?" ಎಂದಷ್ಟೇ ಕೇಳಿದ.

"ನಾನ್ ಕರೀಲಿಲ್ಲ. ಅವ್ಳೇ ಬಂದ್ಬುಟ್ಳು."

ಒಳದಾರಿಯ ಬಾಯಿಗೆ ಬಂದಾಗ ಹನಿ ಶುರುವಾಗಿತ್ತು. ಇಬ್ಬರೂ ಸೀಟು ಬದಲಿಸಿದರು. ಗೇರಿನ ಮುಂದೆ ಒಂದು ದುಂಡನೆಯ ತಿರುಪು ಇತ್ತು. ವಂಶಿ ಅದನ್ನು ಮುಟ್ಟಿ ತೋರಿಸಿದ. "ಇದನ್ನ ನಡುವೆ ಇಟ್ಟಿದೀನಿ ಸಾರ್. ಮುಂದಿನ ಚಕ್ರ ಜಾರಿದ ತಕ್ಷಣ ಹಿಂದಿನವಕ್ಕೂ ತಾನಾಗೇ ಬಲ ಹೋಗತ್ತೆ. ಎಡಕ್ಕೆ ತಿರುಗಿಸಿದ್ರೆ ಮುಂದಿನ ಎರಡೇ ಚಕ್ರ, ಮಾಮೂಲಿ ಕಾರಿನ ಹಾಗೆ. ಅದನ್ನ ಮಾತ್ರ ಇಲ್ಲಿ ಮಾಡ್ಬೇಡಿ."

ರುದ್ರೇಶ ಮೊದಲನೇ ಗೇರಿಗೆ ಹಾಕಿ ಕೆಸರಿಗೆ ಇಳಿಸಿದ. ಹತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಚಕ್ರ ಜಾರಿತು. ಓಮ್ನಿ ಹೂತುಕೊಂಡಿದ್ದ ಜಾಗವೇ ಅದು, ಪಕ್ಕದ ಹೊಂಗೆಮರ ನೋಡಿದರೆ ತಪ್ಪುವಂತಿರಲಿಲ್ಲ. ಒಂದು ಕ್ಷಣ ಗಾಡಿ ತಡವರಿಸಿತು. ಆಮೇಲೆ ಹಿಂದಿನಿಂದ ಯಾರೋ ಹೆಗಲು ಕೊಟ್ಟು ನೂಕಿದ ಹಾಗೆ ಅನ್ನಿಸಿ, ಅದು ಮುಂದಕ್ಕೆ ನಡೆಯಿತು. ಕಷ್ಟಪಡಲೂ ಇಲ್ಲ, ಸದ್ದು ಮಾಡಲೂ ಇಲ್ಲ. ಇನ್ನೂ ಅರ್ಧ ಫರ್ಲಾಂಗು ಉಳಿದಿತ್ತು. ಅದನ್ನೂ ಹೀಗೇ ದಾಟುತ್ತದೆ ಎಂದು ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಯಿತು. ದಾಟುತ್ತಿತ್ತು. ಅವತ್ತೂ ದಾಟುತ್ತಿತ್ತು. ಅನಸೂಯ ಬದುಕುತ್ತಿದ್ದಳು.

ಸಿಟ್ಟು ಬರಲಿ ಎಂದು ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನ ಸಮೇತ ಮುಷ್ಟಿಯಲ್ಲಿ ಹಿಡಿದಿದ್ದಳು. ತುಟಿ ಅಲ್ಲಾಡುತ್ತಿತ್ತು. ಮಂತ್ರವೇನೋ ಅಂದುಕೊಂಡ. ಅಲ್ಲ.

"ಇದೂ ಕೆಸ್ರಾಗ್ ಊತ್ಕಳ್ಲಿ ಶಿವನೇ. ಊತ್ಕಳ್ಲಿ. ನಿನ್ ಕಾಲಿಗ್ ಬೀಳ್ತೀನಿ, ಊತ್ಕಳ್ಲಿ."

ಸಿಟ್ಟು ಬರಲಿಲ್ಲ. ಅವ್ವನ ಈ ಸಂಕಟವನ್ನು ಒಂದು ವರ್ಷ ನೋಡಿಕೊಂಡು ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಯಿತು. ರುದ್ರೇಶ ಎಡಗೈ ಚಾಚಿ ತಿರುಪನ್ನು ಎಡಕ್ಕೆ ತಿರುಗಿಸಿ, ಬಲಗಾಲನ್ನು ಆಕ್ಸಿಲರೇಟರಿನ ಮೇಲೆ ಪೂರ್ತಿ ಊರಿದ. ಮುಂದಿನ ಎರಡೂ ಚಕ್ರ ಗಿರಗಿರ ಸುತ್ತಿದವು. ಕೆಸರು ಗಾಜಿನ ತನಕ ಹಾರಿತು. ಅವನು ಕಾಲು ತೆಗೆಯಲಿಲ್ಲ. ಮೂತಿ ಕುಸಿದು ಬಂಪರು ಮಣ್ಣಿಗೆ ತಾಗಿದ ಮೇಲೆ ಎಂಜಿನ್ ನಿಲ್ಲಿಸಿದ.

ವಂಶಿ ತಿರುಪನ್ನು ನೋಡಿದ, ರುದ್ರೇಶನನ್ನು ನೋಡಿದ.

"ಇದೂ ಊತ್ಕಂತು ಕಣವ್ವ" ಎಂದ ರುದ್ರೇಶ.

ದಾಕ್ಷಾಯಣಮ್ಮ ಕಣ್ಣು ತೆರೆದಳು. ಮಗನ ಮಾತು ಸಾಲಲಿಲ್ಲ. ಮುಂದಕ್ಕೆ ಬಾಗಿ ವಂಶಿಯ ಭುಜ ಮುಟ್ಟಿದಳು. "ನೀನೇಳಪ್ಪ. ಗಾಡಿ ನಿಂದು, ನಿಂಗೊತ್ತಿರ್ತೈತೆ. ಓದ್ ವರ್ಸದ್ದು ಇದ್ಕಿಂತ ಗಟ್ಟಿ ಇತ್ತಾ?"

ವಂಶಿಯ ಅನ್ನ ಇದ್ದದ್ದು ಆ ಗಾಡಿಯ ಒಳ್ಳೆಯ ಹೆಸರಿನಲ್ಲಿ. ಅವನು ಹಿಂದಕ್ಕೆ ತಿರುಗಿದ. "ಇಲ್ಲ ಅಜ್ಜಿ. ಅದು ಹಳೇದು. ಇದೇ ಸಿಕ್ಕಿಹಾಕ್ಕೊಂಡ ಮೇಲೆ ಅದೆಲ್ಲಿ ದಾಟ್ತಿತ್ತು? ಈ ಮಣ್ಣಲ್ಲಿ ಯಾವ ಗಾಡೀನೂ ಹೋಗಲ್ಲ."

ಮುದುಕಿ ಸೀಟಿಗೆ ಒರಗಿದಳು. ಮೊದಲು ಉಸಿರು ಜೋರಾಗಿ ಬಂತು, ಆಮೇಲೆ ಅಳು. ಸೊಸೆ ಸತ್ತಾಗ ನೆಂಟರ ಕಣ್ಣಿಗೆ ಹೆದರಿ ಅಳದೆ ಇಟ್ಟುಕೊಂಡಿದ್ದೆಲ್ಲ ಅದು. "ಅನ್ಸೂಯ, ನನ್ ತಾಯಿ" ಎಂದು ಹೆಸರು ಹಿಡಿದು ಅತ್ತಳು. ಮುಂದೆ ಕೂತ ಇಬ್ಬರು ಗಂಡಸರು ಕೆಸರು ಬಳಿದ ಗಾಜನ್ನು ನೋಡುತ್ತಾ ಕೂತಿದ್ದರು.

ಟ್ರ್ಯಾಕ್ಟರ್ ತಂದವನು ಪಕ್ಕದ ಹೊಲದ ಗಂಗಯ್ಯ. ಹಗ್ಗ ಕಟ್ಟಿ ಗಾಡಿಯನ್ನು ಹಿಂದಕ್ಕೆ, ಟಾರು ರಸ್ತೆಯ ಕಡೆಗೇ ಎಳೆದ. "ಇಷ್ಟೊಂದ್ ದುಡ್ ಬಾಳೋ ಗಾಡೀನೂ ಇಷ್ಟೇನಾ? ಪೇಪರ್ನಾಗೆ ಏನೇನೋ ಆಕವ್ರಲ್ಲಪ್ಪ" ಎಂದು ನಗಾಡಿದ. ಸಂಜೆಯೊಳಗೆ ಈ ಸುದ್ದಿ ನಾಲ್ಕು ಊರು ತಲುಪುತ್ತದೆ ಎಂದು ವಂಶಿಗೂ ಗೊತ್ತಿತ್ತು, ರುದ್ರೇಶನಿಗೂ ಗೊತ್ತಿತ್ತು. ದಾಕ್ಷಾಯಣಮ್ಮ ಬದುವಿನ ಮೇಲೆ ಮನೆಗೆ ನಡೆದಳು.

ವಂಶಿ ಒಂದು ಕಡ್ಡಿ ತಗೊಂಡು ಬಂಪರಿನ ಕೆಸರು ಕೆರೆಯುತ್ತಿದ್ದ. ತಲೆ ಎತ್ತದೆ ಕೇಳಿದ. "ಶ್ರಾವಣಕ್ಕೆ ಬುಕ್ ಮಾಡ್ಲಾ ಸಾರ್?"

"ಬ್ಯಾಡಪ್ಪ."

"ಗಾಡಿ ದಾಟ್ತಿತ್ತಲ್ಲ ಸಾರ್. ನೀವೇ ನೋಡಿದ್ರಲ್ಲ."

"ದಾಟ್ತಿತ್ತು. ಅದ್ಕೇ ಬ್ಯಾಡ. ತಂದ್ರೆ ದಿನಾ ದಾಟ್ತೈತೆ, ದಿನಾ ಅವ್ವ ನೋಡ್ತಾಳೆ." ತಾನೂ ಒಂದು ಕಡ್ಡಿ ಎತ್ತಿಕೊಂಡು ಹೇಳಿದ. "ನಿಂಗೆ ಅನ್ಯಾಯ ಮಾಡ್ದೆ ಕಣಪ್ಪ. ಮನ್ನಿಸ್ಬುಡು."

ವಂಶಿ ಕಡ್ಡಿ ಎಸೆದು ಕೈ ಒರೆಸಿಕೊಂಡ. ಮ್ಯಾನೇಜರಿಗೆ ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸುತ್ತೇನೆ ಎಂದು ಹೇಳಿ ಗಾಡಿ ತಿರುಗಿಸಿಕೊಂಡು ಹೊರಟುಹೋದ.

ರುದ್ರೇಶ ಮನೆಗೆ ಬಂದಾಗ ನಾಲ್ಕು ಗಂಟೆ. ಅಡಿಗೆಮನೆಯಲ್ಲಿ ದಾಕ್ಷಾಯಣಮ್ಮ ಮುದ್ದೆ ತಿರುವುತ್ತಿದ್ದಳು. ಬೆಳಿಗ್ಗೆಯೇ ಅವಳ ಒಪ್ಪತ್ತಿನ ಊಟ ಮುಗಿದಿತ್ತು. ಆದರೂ ಎರಡು ತಟ್ಟೆ ಹಾಕಿದಳು. ಎದುರುಬದುರು ಕೂತರು. ವರ್ಷದಿಂದ ಹಾಗೆ ಕೂತಿರಲಿಲ್ಲ. ಮುದುಕಿ ಹಸಿದವಳ ಹಾಗೆ ಮುರಿದು ಮುರಿದು ಉಂಡಳು. ರುದ್ರೇಶನ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ಅವನ ಕೈಯಲ್ಲಿ ಇನ್ನೂ ಗಾಡಿ ಮುಂದಕ್ಕೆ ನಡೆಯುತ್ತಿತ್ತು. ಶ್ರಾವಣಕ್ಕೆ ಕಾಯೋಣ ಎಂದದ್ದು ಅವ್ವ ನಿಜ. ಷೋರೂಮಿಗೆ ಫೋನು ಮಾಡಿ ಷೆಡ್ಡಿನಲ್ಲಿ ನಿಲ್ಲಿಸಿ ಎಂದದ್ದು ಅವನು. ಸಿಟ್ಟು ಮಾಡಲು ಇನ್ನು ಯಾರೂ ಉಳಿದಿರಲಿಲ್ಲ.

ದಾಕ್ಷಾಯಣಮ್ಮ ಉಣ್ಣುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು.

"ಯಾಕ್ಲಾ ಅಂಗ್ ಕುಂತಿದ್ದೀಯ? ನೀನೂ ಅದ್ನೇ ಮನಸ್ನಾಗಿಟ್ಕಂಡು ಕೊರಗ್ತಿದ್ದೆ, ನಂಗೊತ್ತಿಲ್ವಾ? ಬುಟ್ಬುಡು ಮಗ. ಯಾವ್ ಗಾಡಿ ಇದ್ದಿದ್ರೂ ಅಷ್ಟೇಯ. ಕಣ್ಣಾರೆ ನೋಡ್ದಲ್ಲ ಇವತ್ತು."

"ನೋಡ್ದೆ ಕಣವ್ವ" ಎಂದ ರುದ್ರೇಶ. ಮರಗಟ್ಟಿದ್ದ ದವಡೆಗೆ ಆಗ ನೋವು ತಿಳಿಯಿತು. ತಟ್ಟೆ ಪಕ್ಕಕ್ಕೆ ಸರಿಸಿ, ತಾಯಿಯ ಎದುರಿಗೇ ಅತ್ತ. ಮನಸ್ಸು ಹಗುರಾಗಿ ಅಳುತ್ತಿದ್ದಾನೆ ಎಂದುಕೊಂಡ ಆ ತಾಯಿ, ಹತ್ತಿರ ಸರಿದು ಅವನ ಬೆನ್ನು ಸವರತೊಡಗಿದಳು.