ಹೆಸರು ಹೇಳದ ದೀಪ

"ಏಯ್, ಚಪ್ಲಿ ಹೊರಗೆ ಬಿಡೆ! ಇದೇನು ನಿಮ್ಮ ಕೊಟ್ಟಿಗೆ ಅಂದ್ಕೊಂಡ್ಯಾ?"

ನಾನು ಒಂದು ಕೈಯಲ್ಲಿ ಮೈಕಿನ ಸ್ಟ್ಯಾಂಡು, ಇನ್ನೊಂದರಲ್ಲಿ ವೈರಿನ ಸುರುಳಿ ಹಿಡಿದು ಹೊಸ್ತಿಲಲ್ಲೇ ನಿಂತೆ. ನನಗಿಂತ ಮೊದಲು ಒಳಗೆ ಹೋದ ಅಶ್ವಿನನ ಬೂಟಿನ ಕೆಸರು ಜಮಖಾನೆಯ ಮೇಲೆ ಸಾಲಾಗಿ ಮೂಡಿತ್ತು. ಅವನು ನನ್ನನ್ನು ಗದರಿದ ಸ್ಟುಡಿಯೋ ಯಜಮಾನ ಶ್ರೀಕರಯ್ಯನವರ ಮಗ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಈ ಕಟ್ಟಡ ಮೊದಲು ಶ್ರೀಕರಯ್ಯನವರ ತಂದೆಯ ಮರದ ಮಿಲ್ಲಾಗಿತ್ತು. ಈಗ ರೆಕಾರ್ಡಿಂಗ್ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು ಹೊಡೆಸಿ, ನಡುವೆ ಗಾಜಿನ ಕೋಣೆ ಮಾಡಿಸಿದ್ದಾರೆ. ಆದರೂ ದೀಪಕ್ ಡ್ರಮ್ಸ್ ಬಾರಿಸಿದರೆ ಮಾಡಿನ ತೊಲೆಗಳಿಂದ ಹಳೆಯ ಮರದ ಹೊಟ್ಟು ಉದುರುತ್ತದೆ. ನನ್ನ ಅಪ್ಪ ಮಂಜುನಾಥಪ್ಪನ ಎರಡು ಬೆರಳು ಹೋದದ್ದು ಇಲ್ಲಿನ ಗರಗಸಕ್ಕೆ. ಆಸ್ಪತ್ರೆಯಿಂದ ಬಂದು ನ್ಯಾಯ ಕೇಳಿದರೆ ಹಾಜರಿ ಪುಸ್ತಕ ಬಿಡಿಸಿ ತೋರಿಸಿದರಂತೆ. ಅದರ ಪ್ರಕಾರ ಮಂಜುನಾಥಪ್ಪ ಅನ್ನುವವನು ಅಲ್ಲಿ ಕೆಲಸಕ್ಕೇ ಇರಲಿಲ್ಲ. ಹಾಡುವಾಗ ಹೊಟ್ಟು ಉದುರಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅದರಲ್ಲಿ ಅಪ್ಪನ ಬೆರಳೂ ಇದೆಯೇನೋ ಅನ್ನಿಸುತ್ತಿತ್ತು.

ನಾವು ಮೂವರು. ಗಿಟಾರಿನ ಸುನಿಲ್ ವೆಲ್ಡಿಂಗ್ ಅಂಗಡಿಯಲ್ಲಿದ್ದಾನೆ. ಡ್ರಮ್ಸಿನ ದೀಪಕ್ ಜೋಗದಲ್ಲಿ ಗುತ್ತಿಗೆಯ ಮೇಲೆ ಹುಲ್ಲು ಸವರುತ್ತಾನೆ. ಹಾಡುವ ನಾನು, ಆಶಾ, ಪೇಟೆಯ ಬಟ್ಟೆಯಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದ ಸೀರೆ ಮಡಿಸುತ್ತೇನೆ. ಮೂವರದೂ ಹಿನ್ನೀರಿನಾಚೆಯ ತುಮರಿ ಕಡೆ ಊರು. ಸೇತುವೆ ಆಗುವ ಮೊದಲು, ಸಂಜೆಯ ಕೊನೆಯ ಲಾಂಚು ತಪ್ಪಿಸಿಕೊಂಡು ದಡದಲ್ಲಿ ಕೂತು ಕೂತು ಹುಟ್ಟಿದ ಬ್ಯಾಂಡು ನಮ್ಮದು. ಅದರ ಹೆಸರೇ 'ಕೊನೇ ಲಾಂಚು'.

ಗಣಪತಿ ಪೆಂಡಾಲಿನಲ್ಲಿ ನಮ್ಮನ್ನು ಕೇಳಿದ ಶ್ರೀಕರಯ್ಯನವರು ತಾವಾಗಿಯೇ ಕರೆಸಿಕೊಂಡಿದ್ದರು. "ಎಂಟು ಹಾಡಿನ ಆಲ್ಬಂ ಮಾಡಾಣ. ಎಲ್ಲಾ ಜನಕ್ಕೆ ಗೊತ್ತಿರೋ ಹಾಡುಗಳ ಕವರ್. ನಿಮ್ ರಾಕ್ ಸ್ಟೈಲಲ್ಲಿ ಹೊಡೀರಿ."

"ನಮ್ದೇ ಎರಡು ಹಾಡಿದಾವೆ ಅಯ್ಯಾ," ಅಂದಿದ್ದ ಸುನಿಲ್.

"ನಿಮ್ದು ಯಾರಿಗೆ ಬೇಕೋ? ಹುಲ್ಲು ಸವರೋರು, ಸೀರೆ ಮಡಿಸೋರು ಕಟ್ಟಿದ ಹಾಡು ಯಾರು ಕೇಳ್ತಾರೆ?"

ಅದನ್ನು ಮನೆಯಲ್ಲಿ ಹೇಳಿದಾಗ ಅಜ್ಜಿ ಯಮುನಮ್ಮ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. "ತಟ್ಟದೆ ಬಾಗ್ಲು ತೆಗುದ್ರೆ ಒಳಗೆ ಬೋನು ಇಟ್ಟಿರ್ತಾರೆ ಕಣೆ ಕೂಸೆ. ನೋಡ್ಕ್ಯಂಡು ಕಾಲಿಡು."

ನಾನು ನೋಡುತ್ತಲೇ ಇದ್ದೆ. ಅವರ ಮನೆಯವರಿಗೆ ಚಹಾ ಸ್ಟೀಲ್ ಲೋಟದಲ್ಲಿ, ನಮಗೆ ಕಾಗದದ ಕಪ್ಪಿನಲ್ಲಿ. "ತೊಳಿಯೋದು ತಪ್ಪುತ್ತೆ ಅಂತ" ಅಂದರು. ಲೋಟ ತೊಳೆಯುವವಳು ಹಿತ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕೂತೇ ಇದ್ದಳು. ಒಂದು ದಿನ ಸುನಿಲನ ಗಿಟಾರನ್ನು ಅಶ್ವಿನನ ಕೊರಳಿಗೆ ಹಾಕಿ ಫೋಟೋ ತೆಗೆಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಅಶ್ವಿನನ ನೋಟುಬುಕ್ಕು ನನಗೆ ಒಗಟಾಗಿತ್ತು. ನಾನು ಹಾಡುವಾಗ ಅವನು ಗಾಜಿನಾಚೆ ಕೂತು ತುಟಿ ಆಡಿಸುತ್ತಿದ್ದ. ಒಮ್ಮೆ ಅವನು ಆಚೆ ಹೋದಾಗ ಬಗ್ಗಿ ನೋಡಿದೆ. ಸಾಲು ಸಾಲು ಹಾಡು ಬರೆದಿತ್ತು. ನಾನು ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಕೆಂಪು ಗುರುತು ಹಾಕಿತ್ತು.

"ನನ್ನ ಉಸ್ರು ಯಾಕೆ ಬರ್ಕೋತಾನೋ ಇವ?"

"ಬೋಂಡಾ ಬೇರೆ ತರಿಸ್ತಾನೆ ಅವರಪ್ಪ," ಅಂದ ದೀಪಕ್. "ಇದು ಮೇವಲ್ಲ ಕಣೆ. ಕೊಬ್ಬಿಸ್ತಾ ಇದಾನೆ ಬೋಳಿಮಗ. ಕೋಳಿ ಕೊಬ್ಬಿಸಿದಂಗೆ."

"ನೀ ಬೋಂಡಾ ತಿನ್ನೋದು ಬಿಟ್ಟಿಲ್ವಲ್ಲ."

"ಕೋಳೀನೂ ಬಿಡಲ್ಲ."

ಏಳು ಹಾಡು ಮುಗಿದವು. ಎಂಟನೆಯದಕ್ಕೆ ಶ್ರೀಕರಯ್ಯನವರು ಕಾಲು ಮೇಲೆ ಕಾಲು ಹಾಕಿ ಹೇಳಿದರು, "ನಿಮ್ ಜನದ್ದೂ ಒಂದು ಇರ್ಲಿ. ದೀಪಾವಳೀಲಿ ದೀಪ ಹಿಡ್ಕಂಡು ಬಂದು ನಮ್ ಅಂಗಳದಲ್ಲಿ ಕೂಗ್ತಿದ್ರಲ್ಲ, ಅದು."

ಅಂಟಿಗೆ ಪಂಟಿಗೆ. ಅದನ್ನು ಅಪ್ಪನ ಬಾಯಿಂದ ಕೇಳಿ ಬೆಳೆದವಳು ನಾನು. ಆರಲು ಬಿಡದ ದೀಪ ಹಿಡಿದು ಗಂಡಸರು ಮನೆಮನೆಗೆ ಹೋಗುತ್ತಾರೆ. ಬಾಗಿಲ ಮುಂದೆ ಹಾಡುತ್ತಾರೆ. ಮನೆಯವರು "ಯಾರ ದೀಪ?" ಅಂತ ಕೇಳಬೇಕು. ಬಂದವರು ಹಾಡಿನಲ್ಲೇ ತಮ್ಮ ಊರು, ಹೆಸರು ಹೇಳಬೇಕು. ಆಮೇಲೆ ಮನೆಯವರು ದೀಪಕ್ಕೆ ಮಿಳ್ಳೆಯೆಂಬ ಪುಟ್ಟ ಪಾತ್ರೆಯಿಂದ ಎಣ್ಣೆ ಎರೆಯುತ್ತಾರೆ. ಎರೆಯುವ ತನಕ ದೀಪ ಬಾಗಿಲು ಬಿಟ್ಟು ಕದಲುವಂತಿಲ್ಲ. ಹೆಸರು ಹೇಳದ ದೀಪ ಬಂದರೆ ಕದ ಹಾಕಿಕೊಳ್ಳಬೇಕು, ಅದು ಪೀಡೆಯದು ಎನ್ನುತ್ತಾಳೆ ಅಜ್ಜಿ.

ದೀಪಕ್ ಡೊಳ್ಳಿನ ಪೆಟ್ಟನ್ನೇ ಡ್ರಮ್ಸಿಗೆ ತಂದ. ನಾನು ಕಣ್ಣು ಮುಚ್ಚಿ ಹಾಡಿದೆ. ಎರಡನೆಯ ನುಡಿ ಬಂದಾಗ ಯೋಚಿಸಲೇ ಇಲ್ಲ. ಅದು ಬಾಯಿಯ ರೂಢಿ.

ಕದದ ಹಿಂದೆ ಇರೋರೆ, ಯಾರ ದೀಪ ಕೇಳೀರೆ,
ತುಮರಿ ಮಂಜಣ್ಣನ ಮಗಳಾಶಾ ಬಂದಾಳೆ,
ಸುನಿಲ ಬಂದಾನೆ, ದೀಪಕ ಬಂದಾನೆ,
ಮಿಳ್ಳೆ ಎಣ್ಣೆ ಎರೆದು ಕಳಿಸೀರೆ.

"ನಿಲ್ಸು, ನಿಲ್ಸು!" ಶ್ರೀಕರಯ್ಯನವರು ಗಾಜು ಬಡಿದರು. "ಅದೆಂತ ನಡುವೆ ನಿಮ್ ಹೆಸ್ರು? ಆ ನುಡಿ ತೆಗಿ."

"ತೆಗಿಯಾಕೆ ಬರಲ್ಲ ಅಯ್ಯಾ. ಹೆಸ್ರಿಲ್ದೆ ಹಾಡುದ್ರೆ ಅದು ಪೀಡೆ ದೀಪ ಆಗ್ತದೆ."

ಅವರು ನಕ್ಕರು. ಮೂವತ್ತು ನಲವತ್ತು ದೀಪಾವಳಿ ಈ ಹಾಡು ಅವರ ಅಂಗಳಕ್ಕೆ ಹೋಗಿದೆ. ಎಣ್ಣೆ ಎರೆಯಲು ಬರುತ್ತಿದ್ದವರು ಅವರ ತಾಯಿ ಲಕ್ಷ್ಮಿಯಮ್ಮ. ಒಳಗೆ ಮಲಗಿರುತ್ತಿದ್ದ ಇವರು ಒಂದು ಸಲವೂ ಪೂರ್ತಿ ಕೇಳಿರಲಿಲ್ಲ.

"ಹೇಳಿದಷ್ಟು ಮಾಡೆ ಮುಂಡೇದೆ. ನಿಮ್ ಹೆಸ್ರು ಹಾಕಾಕೆ ಇದೇನು ರೇಷನ್ ಕಾರ್ಡಾ?"

ನಾನು ಮೈಕು ಬಿಟ್ಟು ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಕಿಟಕಿಯಿಂದ ಅಪ್ಪ ಮಗನ ಮಾತು ಕೇಳಿತು. ಅವರ ಮನೆಮಾತು ನಮಗೆ ಬರುವುದಿಲ್ಲ ಅಂತ ಅವರ ನಂಬಿಕೆ. ಅಜ್ಜಿ ನಲವತ್ತು ವರ್ಷ ಅವರ ಹಿತ್ತಿಲು ಗುಡಿಸಿದವಳು. ಸಿಟ್ಟು ಬಂದರೆ ನನಗೆ ಆ ಮಾತಲ್ಲೇ ಬೈಯುತ್ತಿದ್ದಳು.

"ಅವ್ಕೆ ಎಂತೂ ಗೊತ್ತಿಲ್ಲೆ," ಅನ್ನುತ್ತಿದ್ದರು ಶ್ರೀಕರಯ್ಯ. "ಆ ಆಶಾನ ದನಿ ಅಳಿಸಿ ನಿನ್ನ ದನಿ ಹಾಕಿರೆ ಆತು. ಹೆಸ್ರಿನ ನುಡಿ ಕುಮಾರ ಕತ್ತರಿಸ್ತ."

ಒಳಗೆ ಹೋಗಿ, ಮಿಶಿನ್ ನೋಡಿಕೊಳ್ಳುವ ತೀರ್ಥಹಳ್ಳಿಯ ಕುಮಾರನನ್ನು ನಾನು ದಿಟ್ಟಿಸಿದೆ. ಅವನು ವೈರು ಸುತ್ತುತ್ತಾ, "ನಾ ಸಂಬಳಕ್ಕಿರೋನು ತಂಗಿ," ಎಂದ. ಮೊದಲ ದಿನ ನಾವು ಓದದೆ ರುಜು ಹಾಕಿದ ಕಾಗದದಲ್ಲಿ ನಮ್ಮ ದನಿಯನ್ನೂ ಬರೆದುಕೊಟ್ಟಿದ್ದೆವು ಅಂತ ಆಗ ಹೊಳೆಯಿತು.

ವಾರ ಕಳೆಯುವುದರೊಳಗೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಸುನಿಲನ ಗಿಟಾರು, ಅಶ್ವಿನನ ಹಲ್ಲು. 'ಅಶ್ವಿನ್: ಮಲೆನಾಡಿನ ಹೊಸ ದನಿ'. ಅದೇ ದಿನ ಶ್ರೀಕರಯ್ಯನವರ ಫೋನು ಬಂತು. "ಭಾನುವಾರ ಹನ್ನೊಂದಕ್ಕೆ ಬಿಡುಗಡೆ. ಬೆಂಗಳೂರಿಂದ ಕ್ಯಾಮೆರಾದೋರು ಬರ್ತಾರೆ. ಕರಿ ಅಂಗಿ ಹಾಕ್ಕೊಂಡು ಬನ್ನಿ, ಪರದೆ ಹಿಂದೆ ನುಡಿಸಿ. ಆಶಾನೂ ಅಲ್ಲೇ ನಿಂತು ಮೆಲ್ಲಗೆ ಹಾಡ್ಲಿ, ಇವನಿಗೆ ಮೇಲಿನ ಸ್ವರ ಸಿಕ್ಕಲ್ಲ."

ಅಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದವನು ತಲೆಯೆತ್ತಲಿಲ್ಲ. "ದೊಡ್ಡೋರ ಸಹವಾಸ. ಬಿಟ್ಟಾಕು."

"ಬಿಟ್ಟಾಕಿ ಬಿಟ್ಟಾಕಿ ನಿನ್ನ ಕೈಯಾಗೆ ಮೂರೇ ಉಳಿದಾವೆ," ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, ನಾನು ನೂರು ಸಲ ಕೇಳಿದ ಕಥೆಯನ್ನೇ ಹೇಳಿದಳು. "ಹಿಂದೆ ಹೊಸನಗರದಾಚೆ ಆ ನಗರದ ಕೋಟೆ ಬಾಗ್ಲಿಗೆ ನಮ್ಮೋರ ದೀಪ ಹೋಗಿತ್ತಂತೆ. ದೊರೆ ಬಾಗ್ಲು ತೆಗೀಲಿಲ್ಲ, ಇವ್ರು ಕದಲಲಿಲ್ಲ. ಮೂರು ದಿನ, ಮೂರು ರಾತ್ರಿ."

"ಆಮೇಲೆ?"

"ಕೋಟೆ ಎಲ್ಲೈತೆ ಈಗ? ಹೋಗಿ ನೋಡು. ಬರೀ ಕಲ್ಲು." ಅವಳು ಎದ್ದು ದೇವರ ಗೂಡಿನ ಹಿಂದಿನಿಂದ ಹಿಡಿಯಿರುವ ಕಬ್ಬಿಣದ ದೀಪ ತೆಗೆದಳು.

"ಹಬ್ಬ ಅಲ್ಲ ಇದು," ಅಂದ ಅಪ್ಪ. "ಹೊತ್ತಲ್ಲದ ಹೊತ್ತು. ಹೆಣ್ಮಕ್ಳು ದೀಪ ಹಿಡಿಯಾಂಗಿಲ್ಲ ಬೇರೆ."

"ಹಾಂಗಾರೆ ನೀನು ಹಿಡಿ," ಅಂದಳು ಅಜ್ಜಿ.

ಅಪ್ಪ ಕತ್ತಿ ಕೆಳಗಿಟ್ಟ.

ಭಾನುವಾರ ಹನ್ನೊಂದಕ್ಕೆ ಸ್ಟುಡಿಯೋ ತುಂಬಿತ್ತು. ಗಾಜಿನ ಬಾಗಿಲ ಮೂಲಕ ಹಾರ, ಬೊಕೆ, ರೇಷ್ಮೆ ಸೀರೆಗಳು ಕಾಣುತ್ತಿದ್ದವು. ಕರಿಪರದೆಯ ಹಿಂದೆ ಯಾರೂ ಇರಲಿಲ್ಲ. ಅಶ್ವಿನ್ ಮೈಕಿನ ಮುಂದೆ ನಿಂತು ಬಾಗಿಲಿನತ್ತ ನೋಡುತ್ತಿದ್ದ. ನಾವು ಅಂಗಳದಲ್ಲಿ ಸಾಲಾಗಿ ನಿಂತೆವು. ದೀಪಕನ ಹೆಗಲಿಗೆ ಡೊಳ್ಳು, ಸುನಿಲನ ಕೊರಳಿಗೆ ಗಿಟಾರು. ಅಪ್ಪ ಬತ್ತಿ ಹಚ್ಚಿ, ದೀಪವನ್ನು ಒಂದು ಗಳಿಗೆ ತಾನೇ ಹಿಡಿದುಕೊಂಡಿದ್ದು, ನನ್ನ ಕೈಗೆ ಕೊಟ್ಟ.

ಡೊಳ್ಳಿನ ಮೊದಲ ಪೆಟ್ಟಿಗೇ ಒಳಗಿನವರೆಲ್ಲ ತಿರುಗಿದರು. ಕಾರ್ಯಕ್ರಮವೇ ಹೀಗೆ ಶುರುವಾಗುತ್ತದೆ ಎಂದುಕೊಂಡು ಕ್ಯಾಮೆರಾದವನು ಓಡಿ ಹೊರಗೆ ಬಂದ. ಶ್ರೀಕರಯ್ಯನವರು ಅವನ ಹಿಂದೆಯೇ ಬಂದರು. ಮುಖದಲ್ಲಿ ನಗು, ಹಲ್ಲಿನ ಸಂದಿಯಲ್ಲಿ ಬೈಗುಳ.

"ಒಳಗೆ ನಡೀರೋ ಸೂಳೆಮಕ್ಳಾ. ಜನ ಕಾಯ್ತಾ ಇದಾರೆ."

"ಯಾರ ದೀಪ ಅಂತ ಕೇಳಿ ಅಯ್ಯಾ," ಅಂದೆ. "ಕೇಳ್ದೆ ಕದಲಾಂಗಿಲ್ಲ."

"ಪೊಲೀಸ್ ಕರೀತೀನಿ."

"ಅವ್ರೂ ಬರ್ಲಿ. ಅವ್ರೇ ಕೇಳ್ಲಿ."

ಅವರ ಬೆನ್ನ ಹಿಂದಿನಿಂದ ಊರುಗೋಲಿನ ಸದ್ದು ಬಂತು. ಲಕ್ಷ್ಮಿಯಮ್ಮ. ಕೈಯಲ್ಲಿ ಎಣ್ಣೆಯ ಮಿಳ್ಳೆ. ದೀಪ ಬಂತೆಂದು ಅದನ್ನು ಎಲ್ಲಿಂದ ಹುಡುಕಿ ತಂದರೋ. "ಕೇಳಾ ತಮಾ, 'ಯಾರ ದೀಪ' ಹೇಳಿ ಕೇಳು. ಬಾಗಿಲಿಗೆ ಬಂದಿದ್ದು."

"ನೀ ಒಳಗೆ ಹೋಗು ಅಮ್ಮಾ."

ಶ್ರೀಕರಯ್ಯನವರು ತಾಯಿಯ ರಟ್ಟೆ ಹಿಡಿದು ಒಳಗೆ ಎಳೆದು, ಗಾಜಿನ ಬಾಗಿಲು ಹಾಕಿ ಚಿಲಕ ಜಡಿದರು. ಎಣ್ಣೆ ಹೊಸ್ತಿಲ ಮೇಲೆ ಚೆಲ್ಲಿತು. ಗಾಜಿನಾಚೆ ರೇಷ್ಮೆ ಸೀರೆಗಳು ಗುಂಪಾಗಿ ನಿಂತು ನಮ್ಮನ್ನೇ ನೋಡುತ್ತಿದ್ದವು. ಅಶ್ವಿನ್ ಬಾಯಿ ತೆರೆದ. ದನಿ ಬರಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಆ ಬೆಳಕಿನಲ್ಲಿ ದೀಪದ ಉರಿಯೇ ಕಾಣುತ್ತಿರಲಿಲ್ಲ. ಆರಿಹೋಯಿತೇನೋ ಎಂದು ಬೆರಳು ಹತ್ತಿರ ತಂದರೆ ಸುಟ್ಟಿತು. ಬಟ್ಟಲಿನ ಎಣ್ಣೆ ತಳ ಮುಟ್ಟಿತ್ತು. ಅಪ್ಪ ಪಕ್ಕಕ್ಕೆ ಬಂದು ತನ್ನ ಮೂರು ಬೆರಳಿನ ಕೈಯನ್ನು ಗಾಳಿಗೆ ಅಡ್ಡವಾಗಿ ಹಿಡಿದ. ದೀಪಕ್ ಡೊಳ್ಳಿನ ಹಗ್ಗ ಬಿಗಿ ಮಾಡಿಕೊಂಡ.

ನಾವು ಎರಡನೆಯ ನುಡಿಯನ್ನು ಮತ್ತೆ ಎತ್ತಿಕೊಂಡೆವು. ಈ ಸಲ ಅಪ್ಪ ಮೊದಲು ತನ್ನ ಹೆಸರು ಹೇಳಿದ.